ಕೆಂದಿ ಹುಡುಕಿದ ಚಾಪೆ

ಆಗಿನ್ನೂ ಭೂಮಿಯ ಮೈ ಆರಿರಲಿಲ್ಲ. ನಾದಿಟ್ಟ ಹಿಟ್ಟಿನ ಹಾಗೆ ನೆಲ ಮೆತ್ತಗಿತ್ತು. ಕಾಲಿಟ್ಟರೆ ಕಾಲು, ಕೋಲಿಟ್ಟರೆ ಕೋಲು ಒಳಗೆ ಹೋಗುತ್ತಿತ್ತು. ಎಲ್ಲಿ ಕೂರಬೇಕು ಎಂದು ಬೆಟ್ಟಗಳು ಇನ್ನೂ ತೀರ್ಮಾನ ಮಾಡಿರಲಿಲ್ಲ. ಹೊಳೆಗೆ ಮಾತ್ರ ತನ್ನ ದಾರಿ ಗೊತ್ತಿತ್ತು, ಅದೂ ಅರ್ಧಂಬರ್ಧ.

ಆ ಕಾಲದಲ್ಲಿ ಎಲ್ಲರಿಗೂ ಮಾತು ಬರುತ್ತಿತ್ತು. ಗಾಳಿ ಮಾತಾಡುತ್ತಿತ್ತು, ಹೊಳೆ ಮಾತಾಡುತ್ತಿತ್ತು. ಇರುವೆಗೂ ಮಾತು ಬರುತ್ತಿತ್ತು, ಆದರೆ ಅದಕ್ಕೆ ಪುರುಸೊತ್ತಿರಲಿಲ್ಲ. ನಾಯಿಯೂ ಮಾತಾಡುತ್ತಿತ್ತು. ನಿನ್ನ ಹಾಗೆ, ನನ್ನ ಹಾಗೆ, ನೆಟ್ಟಗೆ ಮಾತಾಡುತ್ತಿತ್ತು. ಈಗ ಯಾಕೆ ಮಾತಾಡುವುದಿಲ್ಲ ಎಂದು ನೀನು ಕೇಳುತ್ತೀಯ. ಕೇಳಿದ ಮೇಲೆ ಹೇಳಲೇಬೇಕು. ಹೇಳುವುದಕ್ಕೆ ನನಗೇನೂ ಖುಷಿಯಿಲ್ಲ.

ಹೊಳೆಯ ಮೇಲೆ ಒಂದು ಬಿದಿರಿನ ತೆಪ್ಪವಿತ್ತು. ಅದರ ಮೇಲೆ ಬೋರಜ್ಜ ಎಂಬ ಮುದುಕನಿದ್ದ. ಮೀನು ಹಿಡಿಯುತ್ತಿದ್ದ, ಆ ದಡದವರನ್ನು ಈ ದಡಕ್ಕೆ ದಾಟಿಸುತ್ತಿದ್ದ. ಅವನ ಜೊತೆ ಕೆಂದಿ ಇದ್ದಳು. ಕೆಂದಿ ಅಂದರೆ ಕೆಂಚು ಮೈಯ ಒಂದು ನಾಯಿ. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡು. ಮನುಷ್ಯರ ಜೊತೆ ಬಾಳಿದ ಮೊದಲನೆಯ ನಾಯಿ ಅವಳೇ.

ಮರಿಯಾಗಿದ್ದಾಗ ಕೆಂದಿ ಒಮ್ಮೆ ತೆಪ್ಪದಿಂದ ದಡಕ್ಕೆ ಹಾರಿದ್ದಳು. ಹಸಿ ನೆಲ ಅವಳನ್ನು ಕತ್ತಿನ ತನಕ ನುಂಗಿತು. ಅದು ನೆಲದ ತಪ್ಪಲ್ಲ, ಅದಕ್ಕೆ ಆಗಿನ್ನೂ ಯಾರನ್ನೂ ಹೊತ್ತು ಅಭ್ಯಾಸವಿರಲಿಲ್ಲ. ಬೋರಜ್ಜ ಕುತ್ತಿಗೆ ಹಿಡಿದು ಮೇಲಕ್ಕೆಳೆದು, ಮೈ ತೊಳೆದು, ಪಕ್ಕದಲ್ಲಿ ಕೂರಿಸಿಕೊಂಡ.

"ನೆಲ ಗಟ್ಟಿಯಾಗೋ ತನಕ ನೀನು ಕೆಳಕ್ಕಿಳೀಬ್ಯಾಡ ಕಣ್ ಮಗ" ಎಂದ.

ಕೆಂದಿ ಇಳಿಯಲಿಲ್ಲ. ಒಂದು ಮಾತನ್ನು ಒಂದು ಸಲ ಕಿವಿಗೆ ಹಾಕಿಕೊಂಡರೆ ಆಯಿತು, ಕೆಂದಿ ಅದನ್ನು ಬಿಡುತ್ತಿರಲಿಲ್ಲ. ಅದು ಅವಳ ಗುಣ. ಒಳ್ಳೆಯ ಗುಣವೇ. ಆದರೆ ಅಂಥ ಗುಣ ಇರುವವರ ಹತ್ತಿರ ಮಾತಾಡುವಾಗ ನೋಡಿಕೊಂಡು ಮಾತಾಡಬೇಕು.

ಈಗ, ತೆಪ್ಪದ ಮೇಲೇ ಇರುವ ನಾಯಿಗೆ ಉಚ್ಚೆ ಬಂದರೆ ಏನು ಮಾಡಬೇಕು? ನಗಬೇಡ. ಇದು ನಗುವ ವಿಷಯವಲ್ಲ.

ಬೋರಜ್ಜ ತೆಪ್ಪದ ಒಂದು ಮೂಲೆಯಲ್ಲಿ ಜೊಂಡಿನ ಚಾಪೆಯ ತುಂಡೊಂದನ್ನು ಹಾಸಿದ. "ಹೊಳೆವ್ವನ ನೀರ ಕುಡೀತೀವಿ, ಅದಕ್ಕೆ ಹೊಲಸು ಮಾಡಬಾರ್ದು. ಬಿದಿರ ಮೇಲೆ ನಾವು ಮಲಗ್ತೀವಿ, ಅದಕ್ಕೂ ಮಾಡಬಾರ್ದು. ನಿಂಗೆ ಅಂತ್ಲೇ ಈ ಚಾಪೆ. ಇದರ ಮ್ಯಾಲೆ ಹೋಗು" ಎಂದ.

ಕೆಂದಿ ಚಾಪೆಯ ಮೇಲೆ ಹೋದಳು. ಬಾಲ ಅಲ್ಲಾಡಿಸುತ್ತಾ ಬಂದು ಹೇಳಿದಳು, "ತಾತ, ಚಾಪೆ ಮ್ಯಾಲೇ ಹೋದೆ."

"ಜಾಣೆ" ಎಂದ ಬೋರಜ್ಜ. ಮಡಚಿದ ಕಿವಿಯ ಹಿಂದೆ ಕೆರೆದ. ಅಲ್ಲಿ ಕೆರೆದರೆ ಕೆಂದಿಗೆ ಕಣ್ಣು ಮುಚ್ಚಿಕೊಂಡು ಬರುತ್ತಿತ್ತು.

ಚಾಪೆ ಹಳತಾದಾಗ ಬೋರಜ್ಜ ಅದನ್ನು ದಡಕ್ಕೆಸೆದು ಹೊಸ ತುಂಡು ಹಾಸುತ್ತಿದ್ದ. ಹಾಸಿ, ಅಂಗೈಯಿಂದ ಅದನ್ನು ತಟ್ಟುತ್ತಿದ್ದ. "ಹೊಸ ಚಾಪೆ ಹಾಸಿವ್ನಿ, ಹೋಗ್ ಮಗ" ಎನ್ನುತ್ತಿದ್ದ. ಕೆಂದಿ ಹೋಗುತ್ತಿದ್ದಳು, ಬಂದು ಹೇಳುತ್ತಿದ್ದಳು, ಜಾಣೆ ಅನ್ನಿಸಿಕೊಳ್ಳುತ್ತಿದ್ದಳು. ಹೀಗೆ ಅವಳು ಬೆಳೆದಳು, ದೊಡ್ಡವಳಾದಳು. ಯಾರೂ ಕೂರದ ಹೊಸ ಚಾಪೆ ಹಾಸಿದ್ದರೆ ಅದು ನನ್ನದು ಎಂಬುದು ಅವಳ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತು. ಅಷ್ಟರಲ್ಲಿ ನೆಲವೂ ಗಟ್ಟಿಯಾಯಿತು, ಆದರೆ ಅದು ಕೆಂದಿಗೆ ಗೊತ್ತಾಗಲಿಲ್ಲ.

ಒಂದು ಬೆಳಿಗ್ಗೆ ಬೋರಜ್ಜ ಏಳಲಿಲ್ಲ.

ಕೆಂದಿ ಅವನ ಕೈ ನೆಕ್ಕಿದಳು. ತಾತ, ಬಿಸಿಲು ಬಂತು ಎಂದಳು. ಮತ್ತೆ ನೆಕ್ಕಿದಳು. ಆಮೇಲೆ ಅವನ ತಲೆಯ ಹತ್ತಿರ ಕೂತುಬಿಟ್ಟಳು. ತೆಪ್ಪ ನಡೆಸುವವರಿಲ್ಲದೆ ಸುಮ್ಮನೆ ತೇಲುತ್ತಿತ್ತು. ಹೊಳೆಯ ಕರುಳು ಚುರ್ ಎಂದಿತು. ಅದು ತೆಪ್ಪವನ್ನು ಮೆಲ್ಲಗೆ ತಳ್ಳಿಕೊಂಡು ಹೋಗಿ ಒಂದು ಮನೆಯ ಮುಂದಿನ ದಡಕ್ಕೆ ತಂದು ನಿಲ್ಲಿಸಿತು.

ಆ ಮನೆ ಚಾಪೆ ಹೆಣೆಯುವ ಚಿಕ್ಕತಾಯಿಯದು.

ಚಿಕ್ಕತಾಯಿಯ ಕೈ ಚುರುಕು. ಹೊಳೆಯಂಚಿನ ಜೊಂಡು ಕೊಯ್ದು, ಸೀಳಿ, ಒಣಗಿಸಿ, ಅವಳು ಹೆಣೆದ ಚಾಪೆಯ ಮೇಲೆ ನೀರು ಚೆಲ್ಲಿದರೆ ಕೆಳಕ್ಕಿಳಿಯುತ್ತಿರಲಿಲ್ಲ. ಬಾಯಿ ಮಾತ್ರ ಸ್ವಲ್ಪ ಜೋರು. ಬಾಯಿ ಜೋರಿದ್ದರೂ ಮನಸ್ಸು ಒಳ್ಳೆಯದು ಎಂದು ಊರವರು ಸಮಾಧಾನ ಹೇಳಿಕೊಳ್ಳುತ್ತಿದ್ದರು. ಮನಸ್ಸು ಒಳ್ಳೆಯದೇ. ಆದರೆ ಎದುರಿಗೆ ನಿಂತವರಿಗೆ ಮೊದಲು ಸಿಗುವುದು ಬಾಯಿಯಲ್ಲವೇ?

"ಚಿಕ್ಕತಾಯಿ, ಈ ಮಗೀಗೆ ಯಾರೂ ಇಲ್ಲ ಕಣವ್ವ. ಕರ್ಕೋ" ಎಂದಿತು ಹೊಳೆ.

ಚಿಕ್ಕತಾಯಿ ಊರವರನ್ನು ಕರೆದು ಬೋರಜ್ಜನನ್ನು ಮಣ್ಣು ಮಾಡಿಸಿದಳು. ಆಮೇಲೆ ತೆಪ್ಪದ ಹತ್ತಿರ ಬಂದು ಕೈ ಚಾಚಿದಳು. ಕೆಂದಿ ತೆಪ್ಪದಂಚಿನಲ್ಲಿ ನಿಂತಿದ್ದಳು.

"ನೆಲ ಗಟ್ಟಿಯಾಗೋ ತನಕ ಇಳೀಬ್ಯಾಡ ಅಂದವ್ರೆ ತಾತ."

"ಗಟ್ಟಿಯಾಗದೆ ಇದ್ರೆ ನಾನು ನಿಂತಿದ್ನೇನೆ ಇಲ್ಲಿ? ನೋಡು ನನ್ ಕಾಲ" ಎಂದು ಚಿಕ್ಕತಾಯಿ ನೆಲವನ್ನು ದಬದಬ ತುಳಿದು ತೋರಿಸಿದಳು. ಕೆಂದಿ ಒಂದು ಕಾಲಿಟ್ಟಳು. ಇನ್ನೊಂದು ಇಟ್ಟಳು. ನೆಲ ಉಸಿರು ಬಿಗಿಹಿಡಿದು ಗಟ್ಟಿಯಾಗಿ ನಿಂತಿತು. ಕೆಂದಿ ಚಿಕ್ಕತಾಯಿಯ ಸೀರೆಯ ಅಂಚಿಗೆ ಮೂಗು ತಾಗಿಸಿಕೊಂಡು ಮನೆಗೆ ಬಂದಳು.

ಬೋರಜ್ಜನ ಚಾಪೆಯ ವಿಷಯ ಹೊಳೆಗೆ ಗೊತ್ತಿತ್ತು. ಹೇಳಬೇಕಿತ್ತು. ಹರಿಯುವ ಅವಸರದಲ್ಲಿ ಹೇಳದೆ ಹೋಯಿತು.

ಕೆಂದಿ ಮನೆಗೆ ಹೊಂದಿಕೊಂಡಳು. ಚಿಕ್ಕತಾಯಿಯನ್ನು ಅವ್ವ ಎಂದಳು, ಮಗಳು ಹೊನ್ನಿಯನ್ನು ಅಕ್ಕ ಎಂದಳು. ಹೊನ್ನಿ ತುಂಬಿದ ಬಸುರಿ, ಚೊಚ್ಚಲ ಹೆರಿಗೆಗೆ ತಾಯಿಯ ಮನೆಗೆ ಬಂದಿದ್ದಳು. ಕೆಂದಿ ಅವಳ ಕಾಲ ಹತ್ತಿರ ಮಲಗುತ್ತಿದ್ದಳು. ಹೊಟ್ಟೆಯೊಳಗಿನ ಮಗು ಒದ್ದರೆ ಅವಳೇ ಮೊದಲು ಎದ್ದು, "ಅಕ್ಕ, ಕೂಸು ಎದ್ದೈತೆ" ಎನ್ನುತ್ತಿದ್ದಳು.

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕೆಂದಿ ತಾನಾಗಿ ಬಾಗಿಲು ದಾಟಿ ಹೋಗಿ ಬರುತ್ತಿದ್ದಳು. "ಎಂಥ ಅಚ್ಚುಕಟ್ಟು ನೋಡು ಇದು. ಹೇಳಿಕೊಡೋ ಹಂಗೇ ಇಲ್ಲ" ಎಂದು ಚಿಕ್ಕತಾಯಿ ಬಂದವರಿಗೆಲ್ಲ ಹೇಳಿಕೊಂಡಳು. ಎಲ್ಲಿಗೆ ಹೋಗುತ್ತಾಳೆ ಎಂದು ಮಾತ್ರ ನೋಡಲಿಲ್ಲ. ಕೆಂದಿ ಹೋಗುತ್ತಿದ್ದುದು ದಡದಲ್ಲಿ ನಿಂತಿದ್ದ ತೆಪ್ಪಕ್ಕೆ. ಅದರ ಮೂಲೆಯಲ್ಲಿ ಬೋರಜ್ಜ ಕೊನೆಯದಾಗಿ ಹಾಸಿದ ಚಾಪೆ ಇನ್ನೂ ಇತ್ತು. ಅದು ಎಷ್ಟೋ ಹಳತಾಗಿತ್ತು. ಆದರೂ ಅವಳದ್ದಲ್ಲವೇ?

ಒಂದು ದಿನ ದೂರದ ಬೆಟ್ಟದಲ್ಲಿ ಮಳೆಯಾಯಿತು. ಹೊಳೆ ಏರಿತು. "ತಡಕಳಕ್ಕೆ ಆಯ್ತಾ ಇಲ್ಲ ಕಣವ್ವ ಕೆಂದಿ" ಎನ್ನುತ್ತಲೇ ತೆಪ್ಪವನ್ನು ಎತ್ತಿಕೊಂಡು ಹೊರಟುಹೋಯಿತು. ಚಾಪೆಯೂ ಹೋಯಿತು.

ಕೆಂದಿ ಓಡಿ ಬಂದಳು. ಚಿಕ್ಕತಾಯಿ ನಡುಮನೆಯಲ್ಲಿ ಕೂತು ಚಾಪೆಯೊಂದರ ಅಂಚು ಕಟ್ಟುತ್ತಿದ್ದಳು. ಆ ಚಾಪೆ ಅವಳು ಯಾರಿಗೂ ಮಾರುವುದಕ್ಕೆ ಹೆಣೆದದ್ದಲ್ಲ. ಹುಟ್ಟುವ ಮೊಮ್ಮಗುವನ್ನು ಮಲಗಿಸುವುದಕ್ಕೆ ಹೆಣೆದದ್ದು. ಹೊಳೆಯ ನಡುಗಡ್ಡೆಯಿಂದ ಎಳೆಯ ಜೊಂಡು ತರಿಸಿ, ಕೂದಲಷ್ಟು ಸಣ್ಣಗೆ ಸೀಳಿ, ಮಗುವಿನ ಬೆನ್ನಿಗೆ ಒತ್ತದ ಹಾಗೆ ಹೆಣೆದಿದ್ದಳು. ಮಳೆಗಾಲವೆಲ್ಲ ಅದೇ ಕೆಲಸ.

"ಅವ್ವ, ತೆಪ್ಪ ಹೋಯ್ತು" ಎಂದಳು ಕೆಂದಿ.

"ಹೋಗ್ಲಿ ಬುಡು. ನಿಂಗೆ ಮನೆ ಇಲ್ವ?"

"ಅದಲ್ಲ ಕಣವ್ವ. ಅದ್ರಲ್ಲಿ ನಂದೊಂದು..."

"ಆಮೇಕೆ ಹೇಳೀಯಂತೆ ಮಗ. ಹೊನ್ನಿಗೆ ಆಗ್ಲೇ ಸೊಂಟ ನೋವು ಶುರುವಾಗೈತೆ. ನಂಗೆ ಕೈ ಬಿಡುವಿಲ್ಲ."

ಆಮೇಲೆ ಹೇಳೋಣ ಎಂದು ಕೆಂದಿ ಕಾದಳು.

ಕಾಯುವುದಕ್ಕೂ ಒಂದು ಮಿತಿ ಇದೆ. ಕೆಂದಿ ಹೊರಗೆ ಹೋಗಿ ನೆಲದ ಮೇಲೆ ನಿಂತಳು. ಒಂದು ಕಾಲು ಎತ್ತಿದಳು, ಇಟ್ಟಳು. ಇನ್ನೊಂದು ಎತ್ತಿದಳು, ಇಟ್ಟಳು.

"ಯಾಕ್ ಮಗ? ನನ್ ಮ್ಯಾಲೆ ಹೋಗು. ನಂಗೇನೂ ಬ್ಯಾಸರ ಇಲ್ಲ" ಎಂದಿತು ನೆಲ.

"ನೀನು ಯಾರ ಹಾಸಿಗೆ?" ಎಂದು ಕೆಂದಿ ಕೇಳಿದಳು.

ನೆಲಕ್ಕೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಎಲ್ಲಾರ ಹಾಸಿಗೇನೇ ಕಣವ್ವ. ಹುಲ್ಲು ಮಲಗತೈತೆ, ಇರುವೆ ಮಲಗತೈತೆ, ದನ ಮಲಗತೈತೆ. ನಿಮ್ಮ ತಾತನೂ ನನ್ ಮ್ಯಾಲೇ ಮಲಗವ್ರೆ" ಎಂದಿತು.

"ಹಂಗಾದ್ರೆ ಎಲ್ಲಾರ ಹಾಸಿಗೆ ಮ್ಯಾಲೆ ಹೆಂಗೆ ಹೋಗಲಿ?" ಎಂದಳು ಕೆಂದಿ. ಹೊಟ್ಟೆ ಬಿಗಿಹಿಡಿದುಕೊಂಡು ಒಳಗೆ ಬಂದಳು.

ಚಾಪೆ ಹೆಣೆಯುವವರಲ್ಲಿ ಆಗ ಒಂದು ಪದ್ಧತಿ ಇತ್ತು. ಹೊಸ ಚಾಪೆ ಮುಗಿದ ಮೇಲೆ ಅದನ್ನು ನಡುಮನೆಯಲ್ಲಿ ಹಾಸಿ ಒಂದು ದಿನ ಹಾಗೇ ಬಿಡಬೇಕು. ಯಾರೂ ಕೂರಬಾರದು, ಕಾಲೂ ಇಡಬಾರದು. ಜೊಂಡು ನೀರಲ್ಲಿ ಹುಟ್ಟಿದ್ದು, ನೆಲದ ಪರಿಚಯ ಅದಕ್ಕಿಲ್ಲ. ಒಂದು ದಿನ ನೆಲದ ಜೊತೆ ಮಲಗಿದರೆ ಪರಿಚಯವಾಗುತ್ತದೆ, ಆಮೇಲೆ ಅಂಚು ಸುರುಟಿಕೊಳ್ಳುವುದಿಲ್ಲ ಎನ್ನುತ್ತಿದ್ದರು. ಚಿಕ್ಕತಾಯಿ ಅಂಚು ಕಟ್ಟಿ ಮುಗಿಸಿದಳು. ಚಾಪೆ ಹಾಸಿದಳು. ಅಂಗೈಯಿಂದ ತಟ್ಟಿ ತಟ್ಟಿ ಸಪಾಟು ಮಾಡಿದಳು. ಹೊನ್ನಿ ನರಳಿದ್ದು ಕೇಳಿ ಒಳಕೋಣೆಗೆ ಎದ್ದುಹೋದಳು.

ಕೆಂದಿ ಬಾಗಿಲಲ್ಲಿ ನಿಂತು ನೋಡಿದಳು. ಹೊಸ ಚಾಪೆ. ಯಾರೂ ಕೂತಿಲ್ಲ. ಅವ್ವ ಅಂಗೈಯಿಂದ ತಟ್ಟಿ ಹೋಗಿದ್ದಾಳೆ.

ಅವ್ವನಿಗೆ ಗೊತ್ತಿತ್ತು, ನಾನು ಹೇಳದಿದ್ದರೂ ಗೊತ್ತಿತ್ತು ಎಂದುಕೊಂಡಳು ಕೆಂದಿ. ಅವಳಿಗೆ ಎಷ್ಟು ಸಮಾಧಾನವಾಯಿತು ಎಂದು ಹೇಳುವುದಕ್ಕೆ ನನ್ನಿಂದಾಗದು.

ಚಿಕ್ಕತಾಯಿ ಬಿಸಿನೀರಿಗೆಂದು ಹೊರಬಂದಾಗ ಕೆಂದಿ ಬಾಲ ಅಲ್ಲಾಡಿಸುತ್ತಾ ಎದುರಿಗೆ ಬಂದಳು. ಮಡಚಿದ ಕಿವಿಯನ್ನು ಮುಂದೆ ಮಾಡಿದಳು.

"ಅವ್ವ, ಚಾಪೆ ಮ್ಯಾಲೇ ಹೋದೆ."

ಚಿಕ್ಕತಾಯಿ ಚಾಪೆ ನೋಡಿದಳು. ಒಳಗೆ ಮಗಳು ಕೂಗುತ್ತಿದ್ದಳು. ಮಳೆಗಾಲವೆಲ್ಲ ಹೆಣೆದ ಚಾಪೆಯ ನಡುವೆ ಒದ್ದೆ ಹರಡುತ್ತಿತ್ತು. ಜೊಂಡನ್ನು ಒತ್ತಿ ಬಿಗಿಮಾಡುವ ಮರದ ಹಲಗೆ ಅಲ್ಲೇ ಇತ್ತು. ಅದು ಅವಳ ಕೈಗೆ ಹೇಗೆ ಬಂತೋ. ಕೆಂದಿಯ ಬೆನ್ನಿನ ಮೇಲೆ ಬಿತ್ತು.

"ಅವ್ವ, ನಾನು ಚಾಪೆ ಮ್ಯಾಲೇ..."

"ಮುಚ್ಚು ಬಾಯ. ಮಾಡಾದೂ ಮಾಡಿ ಹೇಳಕ್ಕೆ ಬ್ಯಾರೆ ಬಂದವ್ಳೆ. ನನ್ ಮುಂದೆ ಇನ್ ಯಾವತ್ತೂ ಬಾಯಿ ಬುಡಬ್ಯಾಡ. ನಡಿ ಆಚೆಗೆ" ಎಂದಳು ಚಿಕ್ಕತಾಯಿ.

ಕೆಂದಿ ಬಾಯಿ ಮುಚ್ಚಿದಳು. ಆಚೆಗೆ ನಡೆದಳು.

ಮಗು ಹುಟ್ಟಿತು, ಗಂಡು ಮಗು. ಹಳೇ ಸೀರೆಯ ಮಡಿಕೆಯ ಮೇಲೆ ಮಲಗಿಸಿದರು. ಅದಕ್ಕೆ ಚಾಪೆಯ ಯೋಚನೆಯೇ ಇರಲಿಲ್ಲ, ಹಾಲು ಕುಡಿದು ನಿದ್ದೆ ಹೋಯಿತು. ಚಿಕ್ಕತಾಯಿ ಬೆವರು ಒರೆಸಿಕೊಂಡು ಹೊಳೆಗೆ ನೀರಿಗೆ ಬಂದಳು. ಹೊಳೆ ಇಳಿದಿತ್ತು. ನಾಚಿಕೆಯಿಂದ ಇನ್ನೂ ಸ್ವಲ್ಪ ಹೆಚ್ಚೇ ಇಳಿದಿತ್ತು.

"ಚಿಕ್ಕತಾಯಿ, ಒಂದು ಮಾತು ಮೊದಲೇ ಹೇಳಬೇಕಿತ್ತು" ಎಂದಿತು ಹೊಳೆ. ಬೋರಜ್ಜನ ಚಾಪೆಯ ಕಥೆಯನ್ನೆಲ್ಲ ಹೇಳಿತು. ಹೊಸ ತುಂಡು ಹಾಸಿದ್ದು, ಅಂಗೈಯಿಂದ ತಟ್ಟಿದ್ದು, ಜಾಣೆ ಎಂದದ್ದು, ಕಿವಿಯ ಹಿಂದೆ ಕೆರೆದದ್ದು.

ಚಿಕ್ಕತಾಯಿ ಕೊಡ ಕೆಳಗಿಟ್ಟಳು. "ಹಂಗಾದ್ರೆ ಅದು ತಪ್ಪು ಮಾಡಕ್ಕೆ ಬಂದಿರಲಿಲ್ಲ" ಎಂದಳು.

"ಇಲ್ಲ. ಹೊಗಳಿಸ್ಕೊಳ್ಳಕ್ಕೆ ಬಂದಿತ್ತು."

ಚಿಕ್ಕತಾಯಿ ದಡದ ಮೇಲೆ ಕೂತು ಅತ್ತಳು. ತೆಪ್ಪ ಹೋಯಿತು ಎಂದು ಕೆಂದಿ ಹೇಳಲು ಬಂದದ್ದು ನೆನಪಾಯಿತು. ಆಮೇಲೆ ಹೇಳು ಎಂದು ತಾನೇ ಅಂದದ್ದು ನೆನಪಾಯಿತು. ಆಮೇಲೆ ಹೇಳಲು ಬಂದಾಗ ತಾನೇ ಅವಳ ಬಾಯಿ ಮುಚ್ಚಿಸಿ ಕಳಿಸಿದ್ದೂ ನೆನಪಾಯಿತು.

"ಹೊಂಗೆ ಮರದ ಕೆಳಗವ್ಳೆ" ಎಂದಿತು ಗಾಳಿ. "ಕೂತೂ ಇಲ್ಲ, ಮಲಗೂ ಇಲ್ಲ. ನಿಂತವ್ಳೆ."

ಕೆಂದಿ ಹೊಂಗೆ ಮರದ ಕೆಳಗೆ ನಿಂತಿದ್ದಳು. ಚಿಕ್ಕತಾಯಿ ಕರೆದ ಕೂಡಲೇ ಬಂದಳು. ನಾಯಿ ಹಾಗೆಯೇ, ಕರೆದರೆ ಬರುತ್ತದೆ. ಬಾರದೆ ಇದ್ದಿದ್ದರೆ ಚಿಕ್ಕತಾಯಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲವೇನೋ. ಅವಳು ಕೆಂದಿಯ ಬೆನ್ನು ಸವರಿದಳು. ಹಲಗೆ ಬಿದ್ದ ಜಾಗ ಊದಿತ್ತು.

"ತಪ್ಪಾಯ್ತು ಕಣ್ ಮಗ. ನಂಗೆ ಗೊತ್ತಿರಲಿಲ್ಲ. ಗೊತ್ತಾಗಂಗೆ ಕೇಳಲೂ ಇಲ್ಲ. ಏನಾರ ಹೇಳು."

ಕೆಂದಿ ಅವಳ ಮುಖ ನೋಡಿದಳು. ಬಾಯಿ ತೆರೆಯಲಿಲ್ಲ.

ಆಗಿನ್ನೂ ನೋವಿರಬೇಕು, ನಾಳೆ ಹೇಳುತ್ತಾಳೆ ಎಂದುಕೊಂಡಳು ಚಿಕ್ಕತಾಯಿ.

ಮೊದಲ ಕೆಲಸ ಬೇರೆಯಿತ್ತು. ಚಿಕ್ಕತಾಯಿ ಒಳಗೆ ಹೋಗಿ ಆ ಚಾಪೆಯನ್ನೇ ಎತ್ತಿಕೊಂಡು ಬಂದಳು. ತೊಳೆಯಲಿಲ್ಲ. ಹಿತ್ತಲ ಬೇಲಿಯ ಹತ್ತಿರ, ನೆಲದ ಮೇಲೆ ಹಾಸಿದಳು. "ಕೂಸಿನ ಚಾಪೇನ ಹೊರಗೆ ಹಾಸ್ತೀಯಲ್ಲವ್ವ" ಎಂದಳು ಹೊನ್ನಿ ಒಳಗಿನಿಂದ. "ಕೂಸಿಗೆ ಬ್ಯಾರೆ ಹೆಣೀತೀನಿ. ಇದು ಕೆಂದೀದು" ಎಂದಳು ಚಿಕ್ಕತಾಯಿ.

ಅಂಗೈಯಿಂದ ತಟ್ಟಿದಳು. "ಹೊಸ ಚಾಪೆ ಹಾಸಿವ್ನಿ, ಹೋಗ್ ಮಗ" ಎಂದಳು. ಹೊಳೆ ಹೇಳಿಕೊಟ್ಟ ಮಾತು.

ಕೆಂದಿ ಚಾಪೆ ನೋಡಿ ಹಿಂದಕ್ಕೆ ಸರಿದಳು. ಚಾಪೆ ಅಂದರೆ ಜಾಣೆ ಎಂಬ ಮಾತಾಗಿದ್ದದ್ದು ಈಗ ಚಾಪೆ ಅಂದರೆ ಹಲಗೆ ಆಗಿತ್ತು. ನೆಲ ಎಲ್ಲರ ಹಾಸಿಗೆ, ಚಾಪೆ ಹೊಡೆತದ ಜಾಗ. ಪಾಪ, ಇನ್ನೆಲ್ಲಿಗೆ ಹೋಗುವುದು? ಹೊಟ್ಟೆ ಕಲ್ಲಾಗಿತ್ತು.

ಚಿಕ್ಕತಾಯಿ ಗದರಲಿಲ್ಲ. ಎಳೆಯಲೂ ಇಲ್ಲ. ಚಾಪೆಯ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಬಿಸಿಲು ಏರಿತು, ಕೂತೇ ಇದ್ದಳು. ಬಿಸಿಲು ಇಳಿಯಿತು, ಕೂತೇ ಇದ್ದಳು. ಅಷ್ಟು ಹೊತ್ತು ಅವಳ ಕೈ ಸುಮ್ಮನಿದ್ದುದನ್ನು ಯಾರೂ ಕಂಡಿರಲಿಲ್ಲ. ಕೊನೆಗೆ ಕೆಂದಿ ಒಂದೊಂದೇ ಕಾಲಿಟ್ಟು ಚಾಪೆಯ ಅಂಚಿಗೆ ಬಂದಳು, ಕೂತಳು. ಕೂತು, ಕತ್ತು ತಿರುಗಿಸಿ, ಚಿಕ್ಕತಾಯಿಯ ಮುಖ ನೋಡಿದಳು. ಕಿವಿ ಎರಡೂ ಹಿಂದಕ್ಕೆ ಒತ್ತಿಕೊಂಡಿದ್ದವು.

"ಸರಿ ಮಗ. ಸರಿಯಾಗೈತೆ. ಜಾಣೆ" ಎಂದಳು ಚಿಕ್ಕತಾಯಿ.

ಅವತ್ತಿನಿಂದ ಅದೇ ಕೆಲಸ. ಬೆಳಿಗ್ಗೆ ಎದ್ದ ಕೂಡಲೇ, ಉಂಡ ಮೇಲೆ, ನಿದ್ದೆ ಮಾಡಿ ಎದ್ದ ಮೇಲೆ, ಚಿಕ್ಕತಾಯಿ ಕೆಂದಿಯನ್ನು ಕರೆದುಕೊಂಡು ಬೇಲಿಯ ಹತ್ತಿರ ಹೋಗುತ್ತಿದ್ದಳು. ಒಮ್ಮೊಮ್ಮೆ ಕೆಂದಿ ಮರೆತು ಒಳಗೇ ಒದ್ದೆ ಮಾಡುತ್ತಿದ್ದಳು. ಚಿಕ್ಕತಾಯಿ ಮಾತಾಡದೆ ಒರೆಸುತ್ತಿದ್ದಳು. ಬಾಯಿಗೆ ಬಂದದ್ದನ್ನು ನುಂಗುವುದನ್ನು ಅವಳು ಆ ವಯಸ್ಸಿನಲ್ಲಿ ಕಲಿತಳು. ಸುಲಭವಾಗಿ ಏನೂ ಕಲಿಯಲಿಲ್ಲ, ಅದನ್ನೂ ಹೇಳಬೇಕು.

ಕೆಂದಿ ಹೆದರದೆ ಚಾಪೆಯ ಮೇಲೆ ಹೋಗತೊಡಗಿದ ಮೇಲೆ ಚಿಕ್ಕತಾಯಿ ಕುಡುಗೋಲು ತಂದು ಚಾಪೆಯ ಒಂದು ಅಂಚು ಕೊಯ್ದಳು. ಒಂದು ಗೇಣು ಚಿಕ್ಕದಾಯಿತು. ಕೆಂದಿಗೆ ಅದು ಗೊತ್ತಾಗಲಿಲ್ಲ. ಒಂದು ವಾರ ಬಿಟ್ಟು ಇನ್ನೊಂದು ಅಂಚು ಕೊಯ್ದಳು. ಮಳೆಗಾಲವೆಲ್ಲ ಸೇರಿಸಿ ಹೆಣೆದದ್ದನ್ನು ಚಳಿಗಾಲವೆಲ್ಲ ಕೊಯ್ಯುತ್ತಾ ಹೋದಳು. ಚಾಪೆ ಮೊರದಷ್ಟಾಯಿತು. ತಟ್ಟೆಯಷ್ಟಾಯಿತು. ಅಂಗೈಯಷ್ಟಾಯಿತು. ಕೆಂದಿಯ ಮುಂಗಾಲು ಚಾಪೆಯ ಮೇಲೆ, ಹಿಂಗಾಲು ನೆಲದ ಮೇಲೆ.

"ನಾನು ಸಿಕ್ಕಿದ್ನ ಅವ್ಳಿಗೆ?" ಎಂದು ನೆಲ ಪಿಸುಗುಟ್ಟಿತು.

"ಇನ್ನೊಂಚೂರು ತಾಳು" ಎಂದಳು ಚಿಕ್ಕತಾಯಿ.

ಕೊನೆಗೆ ಒಂದೇ ಒಂದು ಜೊಂಡಿನ ಎಳೆ ಉಳಿಯಿತು. ಒಂದು ದಿನ ಗಾಳಿ ಅದನ್ನೂ ಎತ್ತಿಕೊಂಡು ಹೋಯಿತು. ಚಿಕ್ಕತಾಯಿಯೇ ಹೇಳಿದ್ದಳು, ತಗೊಂಡು ಹೋಗು ಎಂದು.

ಆ ಬೆಳಿಗ್ಗೆ ಕೆಂದಿ ಬೇಲಿಯ ಹತ್ತಿರ ಬಂದಳು. ಚಾಪೆ ಇಲ್ಲ. ನೆಲಕ್ಕೆ ಮೂಗಿಟ್ಟು ಮೂಸಿದಳು. ವಾಸನೆ ಇದೆ, ಚಾಪೆ ಇಲ್ಲ. ಒಂದು ಸುತ್ತು ಬಂದಳು. ಇನ್ನೊಂದು ಸುತ್ತು ಬಂದಳು. ಇಲ್ಲೇ ಇತ್ತಲ್ಲ ಎಂದು ಮತ್ತೊಂದು ಸುತ್ತು ಬಂದಳು. ಆಮೇಲೆ ಬರೀ ನೆಲದ ಮೇಲೆ ಕೂತಳು. ಕೂತು, ತಿರುಗಿ ಚಿಕ್ಕತಾಯಿಯ ಮುಖ ನೋಡಿದಳು.

"ಸರಿ ಮಗ" ಎಂದಳು ಚಿಕ್ಕತಾಯಿ.

ನೆಲಕ್ಕೆ ಸಂತೋಷವಾಯಿತು. ಹೊಳೆಗೂ ಸಂತೋಷವಾಯಿತು. ಊರವರೂ ಬಂದು ನೋಡಿ, ದೊಡ್ಡ ನಾಯಿಗೂ ಕಲಿಸಬಹುದಲ್ಲ ಎಂದು ಆಶ್ಚರ್ಯಪಟ್ಟರು. ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು.

ಆದರೆ ಕೆಂದಿ ಮಾತಾಡಲಿಲ್ಲ.

ಚಿಕ್ಕತಾಯಿ ಕೇಳದ ದಿನವಿಲ್ಲ. ರೊಟ್ಟಿ ಹಾಕಿ ಕೇಳಿದಳು. ಕಿವಿಯ ಹಿಂದೆ ಕೆರೆದು ಕೇಳಿದಳು. ಕೆಂದಿ ಕಣ್ಣು ಮುಚ್ಚಿಕೊಂಡು ಕೆರೆಸಿಕೊಂಡಳು, ಬಾಯಿ ಬಿಡಲಿಲ್ಲ. ಸಿಟ್ಟಿರಲಿಲ್ಲ ಅವಳಿಗೆ. ಅವ್ವ ಹೇಳಿದ್ದಾಳೆ, ಇನ್ನು ಯಾವತ್ತೂ ಬಾಯಿ ಬಿಡಬೇಡ ಎಂದು. ಹೇಳಿದ್ದನ್ನು ಬಿಡುವ ಜಾತಿಯಲ್ಲ ಅವಳದು.

ಒಮ್ಮೆ ನರಿಯೊಂದು ಕೋಳಿ ಗೂಡಿನ ಹತ್ತಿರ ಬಂತು. ಕೆಂದಿ ಹಾರಿ ಎದ್ದಳು. ಅವಳ ಗಂಟಲಿನಿಂದ ದೊಡ್ಡ ದನಿ ಬಂತು. ಚಿಕ್ಕತಾಯಿ ಕೈಲಿದ್ದದ್ದನ್ನು ಬಿಸಾಕಿ ಓಡಿ ಬಂದಳು. "ಮಾತಾಡಿದ್ಯ ಮಗ? ಏನಂದೆ?" ಎಂದಳು. ಬಹಳ ಕಾಲ ಆಡದೆ ಬಿಟ್ಟ ಮಾತು ಒಳಗೇ ಮುರಿದುಹೋಗಿತ್ತು. ಬೌ ಎಂಬ ಸದ್ದೊಂದು ಬಿಟ್ಟರೆ ಏನೂ ಉಳಿದಿರಲಿಲ್ಲ. ಅದನ್ನೂ ಅವಳು ನರಿಗೆ ಹೇಳಿದಳು, ಚಿಕ್ಕತಾಯಿಗೆ ಹೇಳಲಿಲ್ಲ. ಚಿಕ್ಕತಾಯಿಯನ್ನು ಕಂಡ ಕೂಡಲೇ ಬಾಯಿ ಮುಚ್ಚಿ ಬಾಲ ಅಲ್ಲಾಡಿಸಿದಳು.

ಚಿಕ್ಕತಾಯಿ ನೆಲವನ್ನು ಕೇಳಿದಳು. "ಚಾಪೆಯ ಅಭ್ಯಾಸ ಬಿಡಿಸಿದೆ. ಇದನ್ನ ಹೆಂಗೆ ಬಿಡಿಸಲಿ?"

"ಚಾಪೇನ ಒಂಚೂರೊಂಚೂರೇ ಕೊಯ್ದೆ" ಎಂದಿತು ನೆಲ. "ಇದನ್ನ ಎಲ್ಲಿ ಹಿಡಿದು ಕೊಯ್ತೀಯ? ನಂಗೂ ಗೊತ್ತಿಲ್ಲ ಕಣವ್ವ."

ಮೊಮ್ಮಗ ಬೆಳೆದ. ಚೆಲುವ ಎಂದು ಹೆಸರಿಟ್ಟಿದ್ದರು. ಅವನಿಗೆ ಮಾತು ಬಂತು. ಮೊದಲು ಅವ್ವ ಎಂದ, ಆಮೇಲೆ ಕೆಂದಿ ಎಂದ. ಕೆಂದಿಯ ಕತ್ತು ತಬ್ಬಿಕೊಂಡು ದಿನವೆಲ್ಲ ಅವಳ ಹತ್ತಿರ ಹರಟುತ್ತಿದ್ದ. ಕೆಂದಿ ಕೇಳಿಸಿಕೊಳ್ಳುತ್ತಿದ್ದಳು.

"ಅಜ್ಜಿ, ಗಾಳಿ ಮಾತಾಡತೈತೆ, ಹೊಳೆ ಮಾತಾಡತೈತೆ. ಕೆಂದಿ ಯಾಕೆ ಮಾತಾಡಾಕಿಲ್ಲ?" ಎಂದು ಒಂದು ದಿನ ಕೇಳಿದ.

ಚಿಕ್ಕತಾಯಿ ಹೆಣೆಯುವುದನ್ನು ನಿಲ್ಲಿಸಿದಳು. ಬೇರೆ ಏನಾದರೂ ಹೇಳಬಹುದಿತ್ತು. ಮಕ್ಕಳಿಗೆ ನಾವು ಏನೇನೋ ಹೇಳುತ್ತೇವೆ.

"ನಾನು ಬ್ಯಾಡ ಅಂದೆ ಕಣ್ ಮಗ" ಎಂದಳು. "ಒಂದೇ ಸಲ ಅಂದೆ. ಸರಿ ಅಂತ ದಿನಾ ಹೇಳ್ತಾ ಇವ್ನಿ. ಆ ಒಂದು ಮಾತು ಹೋಗ್ತಾ ಇಲ್ಲ."

ಚೆಲುವನಿಗೆ ಅರ್ಥವಾಯಿತೋ ಇಲ್ಲವೋ. ಅವನು ಕೆಂದಿಯ ಮಡಚಿದ ಕಿವಿ ಎತ್ತಿ ಅದರೊಳಗೆ, "ನೀನು ಮಾತಾಡಬೌದು" ಎಂದು ಹೇಳಿದ. ಕೆಂದಿ ಅವನ ಕೆನ್ನೆ ನೆಕ್ಕಿದಳು. ಚಿಕ್ಕತಾಯಿ ಕಾದಳು. ಅಷ್ಟೇ, ನೆಕ್ಕಿದಳು.

ಮುಂದೆ ಕಾಡಿನಿಂದ ಒಂದು ಗಂಡು ನಾಯಿ ಬಂದು ಹೋಯಿತು, ಕೆಂದಿಗೆ ಮರಿಗಳಾದವು. ಮರಿಗಳು ತಾಯಿಯನ್ನು ನೋಡಿ ಕಲಿತವು. ತಾಯಿ ಹೇಗೆ ನೆಲ ಮೂಸುತ್ತಾಳೆ, ಹೇಗೆ ಸುತ್ತು ಬರುತ್ತಾಳೆ, ಕೂತ ಮೇಲೆ ಹೇಗೆ ಕತ್ತು ತಿರುಗಿಸುತ್ತಾಳೆ, ಎಲ್ಲ ಕಲಿತವು. ಮಾತು ಮಾತ್ರ ಕಲಿಯಲಿಲ್ಲ, ಅದನ್ನು ಅವಳು ಆಡಿದ್ದರಲ್ಲವೇ ಕಲಿಯುವುದು? ಚಿಕ್ಕತಾಯಿ ಮುದುಕಿಯಾದಳು. ಕೋಲೂರಿಕೊಂಡು ಬೇಲಿಯ ತನಕ ಹೋಗುವುದನ್ನು ಅವಳು ಬಿಡಲಿಲ್ಲ. ಕೆಂದಿ ನೋಡುತ್ತಾಳೆ, ನೋಡಿದಾಗ ಅಲ್ಲೊಂದು ಮುಖ ಇರಬೇಕು ಎನ್ನುತ್ತಿದ್ದಳು.

ನಿಮ್ಮ ಮನೆಯ ನಾಯಿ ಇವತ್ತಿಗೂ ಕೂರುವ ಮೊದಲು ನೆಲ ಮೂಸುತ್ತಾ ಸುತ್ತು ಬರುತ್ತದೆ, ಕೂತ ಮೇಲೆ ತಿರುಗಿ ನಿನ್ನ ಮುಖವನ್ನೇ ನೋಡುತ್ತದೆ. ಇದು ಸರಿಯೇ ಎಂದು ಕೇಳುವುದಕ್ಕೆ ಅದಕ್ಕೆ ಬಾಯಿಲ್ಲ, ಆದ್ದರಿಂದ ನೀನು ಬೇರೆ ಕಡೆ ನೋಡಬೇಡ ಮಗು.